ಗೂನುಬೆನ್ನಿನ ಬಿಳಿಮೀನು: ಅಳಿವಿನಿಂದ ಉಳಿದೀತೇ?

(ಮೇಲಿನ ತರಗತಿಗಳ ವಿದ್ಯಾರ್ಥಿನಿಯರಿಗಾಗಿ ಬರೆದ ಪ್ರಕೃತಿಪಾಠ)

ಪೀಠಿಕೆ

ಜಟಿಂಗ ರಾಮೇಶ್ವರದ ಬೆಟ್ಟವು ನಮ್ಮ ಸೀಮೆಯವರೆಲ್ಲರಿಗೂ ಪರಿಚಿತವಾದುದು. ಜಟಾಯುವು ರಾವಣನೊಡನೆ ಹೋರಾಡಿ ಇಲ್ಲಿಯೇ ಬಿದ್ದನೆಂದು ಸ್ಥಳಪುರಾಣವು ಹೇಳುತ್ತದೆ. ಈ ಬೆಟ್ಟದಲ್ಲಿ ಬಳೆಗಾರರ ಗುಂಡೆಂದು ಹೆಸರಾದ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವೊಂದಿದೆ. ಇದೂ, ಸಮೀಪದ ಬ್ರಹ್ಮಗಿರಿ ಮತ್ತು ಸಿದ್ಧಾಪುರಗಳ ಶಾಸನಗಳೂ ೧೮೯೨ನೆಯ ಇಸವಿಯಲ್ಲಿ ಬಿ. ಎಲ್. ರೈಸ್ ಸಾಹೇಬರ ಶೋಧನೆಯಿಂದ ಬೆಳಕಿಗೆ ಬಂದವು. ತಂದೆತಾಯಿಗಳಿಗೆ ವಿಧೇಯರಾಗಿರಬೇಕು, ಪ್ರಾಣಿಗಳ ವಿಷಯದಲ್ಲಿ ದಯೆಯು ದೃಢವಾಗಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯರು ಗುರುಗಳನ್ನು ಗೌರವಿಸಬೇಕು ಎಂಬುದು ಅವುಗಳ ಉಪದೇಶದ ತಾತ್ಪರ್ಯವಾಗಿದೆ. ಇದೇ ಅರಸನು ಪಟ್ಟಕ್ಕೆ ಬಂದ ಇಪ್ಪತ್ತಾರು ವರುಷಗಳ ತರುವಾಯ ಉತ್ತರ ದೇಶದ ಸ್ತಂಭಗಳಲ್ಲಿ ಕೊರೆಸಿದ ಐದನೆಯ ಶಾಸನದಲ್ಲಿ, ಕೊಲ್ಲಕೂಡದ ಪ್ರಾಣಿಗಳ ಪಟ್ಟಿಯನ್ನೇ ಕೊಟ್ಟಿರುವನು. ಆ ಪಟ್ಟಿಯಲ್ಲಿ ಕೆಲವು ಮೀನುಗಳ ಹೆಸರುಗಳೂ ಇರುವುವು. ಅದಲ್ಲದೆ ವರುಷದ ಕೆಲವು ಗೊತ್ತಾದ ದಿನಗಳಲ್ಲಿ ಮೀನನ್ನು ಕೊಲ್ಲಲೂ ಮಾರಲೂ ಬಾರದೆಂದು ಆಜ್ಞೆ ಮಾಡಿರುವನು. ಹೀಗೆ ನೀರೊಳಗಿನ ಮೂಕಪ್ರಾಣಿಗಳ ಯೋಗಕ್ಷೇಮವನ್ನು ವಿಚಾರಿಸುವುದು ನಮ್ಮ ದೇಶದಲ್ಲಿ ಎರಡು ಸಾವಿರ ವರುಷಗಳಿಗೂ ಹಿಂದಿನಿಂದ ಬಂದ ಧರ್ಮವಾಗಿದೆ.

ಸೃಷ್ಟಿಕರ್ತನು ಭೂಮಿಯನ್ನೂ ಅದರ ಜೀವರಾಶಿಗಳನ್ನೂ ಮನುಷ್ಯರ ವಶಕ್ಕೆ ಕೊಟ್ಟದ್ದು ಒಡೆತನಕ್ಕಾಗಿ ಅಲ್ಲ, ಪರಾಮರಿಕೆಗಾಗಿ ಎಂದು ನಾವು ಸತ್ಯವೇದದ ಪಾಠಗಳಲ್ಲಿ ಕಲಿತಿದ್ದೇವೆ. ಮನೆವಾರ್ತೆಯವನು ಒಂದು ದಿನ ಯಜಮಾನನಿಗೆ ಲೆಕ್ಕವನ್ನು ಒಪ್ಪಿಸಲೇಬೇಕು. ಆದುದರಿಂದ ಈ ಪಾಠದಲ್ಲಿ ನಾವು ಅಂಥದೊಂದು ಲೆಕ್ಕವನ್ನು ಮಾಡಿ ನೋಡೋಣ. ಕರ್ಣಾಟಕದ ನದಿಗಳಲ್ಲಿ ಅತಿ ದೊಡ್ಡದಾಗಿ ಬೆಳೆಯುವ ಮೀನುಗಳಲ್ಲೊಂದು ಈಗ ಅಳಿವಿನ ಅಂಚಿನಲ್ಲಿದೆ. ಅದು ಮತ್ತೆ ಹೆಚ್ಚೀತೇ? ಹೆಚ್ಚಿತೆಂದು ಯಾವ ಗುರುತಿನಿಂದ ತಿಳಿಯಬೇಕು? ಇವೇ ನಮ್ಮ ಪ್ರಶ್ನೆಗಳು.

೧. ಮೀನಿನ ಪರಿಚಯ

ಕಾವೇರಿಯ ತೀರದ ಜನರು ಬಿಳಿಮೀನೆಂದು ಕರೆಯುವ ಮೀನುಗಳಿಗೆ ಹೊರಗಿನವರು ಮಹಸೀರ್ ಎಂದು ಹೇಳುತ್ತಾರೆ. ಇದು ಒಂದೇ ಜಾತಿಯ ಹೆಸರಲ್ಲ, ಒಂದು ಕುಲದ ಹೆಸರು. ಈ ಕುಲದ ಶಾಸ್ತ್ರೀಯ ನಾಮವು ಟಾರ್ ಎಂಬುದು. ದೊಡ್ಡ ಹುರುಪೆಗಳು, ದಪ್ಪ ತುಟಿಗಳು, ಬಾಯಿಯ ಅಂಚಿನಲ್ಲಿ ಮೀಸೆಯಂಥ ಎಳೆಗಳು, ರಭಸದ ಪ್ರವಾಹಕ್ಕೆ ಎದುರಾಗಿ ಈಜುವ ಬಲ, ಇವು ಕುಲದ ಸಾಮಾನ್ಯ ಲಕ್ಷಣಗಳು. ಇದರ ಆಹಾರದಲ್ಲಿ ನೀರಿಗೆ ಬಿದ್ದ ಹಣ್ಣು, ಪಾಚಿ, ಹುಳು, ಏಡಿ, ಚಿಕ್ಕ ಮೀನು ಎಲ್ಲವೂ ಸೇರಿವೆ. ಮಳೆಗಾಲದಲ್ಲಿ ಹೊಳೆ ಏರಿದಾಗ ಇವು ಮೇಲಕ್ಕೆ ಪ್ರಯಾಣಮಾಡಿ, ಜಲ್ಲಿಕಲ್ಲುಗಳ ಮೇಲೆ ತಿಳಿನೀರು ಹರಿಯುವ ಸ್ಥಳಗಳಲ್ಲಿ ತತ್ತಿಗಳನ್ನಿಡುತ್ತವೆ. ಕೆರೆಗಳಲ್ಲಿ ಸಾಕುವ ಗೆಂಡೆಯ ಜಾತಿಯ ಮೀನುಗಳಿಗೆ ಹೋಲಿಸಿದರೆ ಇವುಗಳ ತತ್ತಿಗಳ ಸಂಖ್ಯೆ ಕಡಿಮೆ. ಪ್ರಾಯಕ್ಕೆ ಬರುವುದೂ ನಿಧಾನ.

ಈ ಕುಲದ ಎರಡು ಜಾತಿಗಳನ್ನು ವಿದ್ಯಾರ್ಥಿನಿಯರು ಚೆನ್ನಾಗಿ ಬೇರ್ಪಡಿಸಿ ತಿಳಿಯಬೇಕು. ಪಾಠದ ತಿರುಳು ಇಲ್ಲಿಯೇ ಇದೆ.

ಮೊದಲನೆಯದು ಗೂನುಬೆನ್ನಿನ ಬಿಳಿಮೀನು. ತಲೆಯ ಹಿಂದೆ ಇದರ ಬೆನ್ನು ಎತ್ತರವಾಗಿ ಗೂನಿನಂತೆ ಏಳುತ್ತದೆ. ರೆಕ್ಕೆಗಳಲ್ಲಿ ಕಿತ್ತಳೆಯ ಬಣ್ಣವಿರುತ್ತದೆ. ಇದರ ಶಾಸ್ತ್ರೀಯ ನಾಮವು ಟಾರ್ ರೆಮಾದೇವಿ. ಲೋಕದಲ್ಲಿ ಬೇರೆಲ್ಲಿಯೂ ಇಲ್ಲದೆ ಕಾವೇರಿಯಲ್ಲಿಯೂ ಅದರ ಉಪನದಿಗಳಲ್ಲಿಯೂ ಮಾತ್ರ ಇದು ಹುಟ್ಟಿ ಬೆಳೆಯುವುದು. ೧೮೭೩ರಲ್ಲಿ ಎಚ್. ಎಸ್. ಥಾಮಸ್ ಎಂಬವರು ಗಾಳದ ಬೇಟೆಯ ಕುರಿತು ಬರೆದ ಗ್ರಂಥದಿಂದ ದಕ್ಷಿಣದ ಬಿಳಿಮೀನುಗಳ ಕೀರ್ತಿಯು ದೂರದೇಶಗಳಿಗೂ ಹಬ್ಬಿತು. ೧೯೪೬ರಲ್ಲಿ ಮೈಸೂರಿನ ವಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿ ನದಿಯಲ್ಲಿ ಹಿಡಿದ ಮೀನು ೧೨೦ ಪೌಂಡು, ಅಂದರೆ ಸುಮಾರು ೫೪ ಕಿಲೋಗ್ರಾಂ, ತೂಗಿತು. ನಮ್ಮ ಮೇಲಿನ ತರಗತಿಯ ಹುಡುಗಿಯರಲ್ಲಿ ಅನೇಕರ ತೂಕವು ಇದಕ್ಕಿಂತ ಕಡಿಮೆಯೇ.

ಎರಡನೆಯದು ನೀಲಿರೆಕ್ಕೆಯ ಬಿಳಿಮೀನು. ಶಾಸ್ತ್ರದಲ್ಲಿ ಇದಕ್ಕೆ ಟಾರ್ ಖುದ್ರೀ ಎಂದು ಹೆಸರು. ಇದು ಮೊದಲು ಶಾಸ್ತ್ರಜ್ಞರಿಗೆ ತಿಳಿದುಬಂದದ್ದು ಪುಣೆಯ ಸೀಮೆಯ ಮುಳಾ ಮುಠಾ ನದಿಯಿಂದ. ಕೃಷ್ಣೆಯ ನೀರಿಗೆ ಸೇರಿದ ಮೀನು ಇದು.

ಆಶ್ಚರ್ಯವೇನೆಂದರೆ, ಇಷ್ಟು ಪ್ರಸಿದ್ಧವಾದ ಗೂನುಬೆನ್ನಿನ ಮೀನಿಗೆ ಬಹುಕಾಲ ಸರಿಯಾದ ಶಾಸ್ತ್ರೀಯ ನಾಮವೇ ನಿಶ್ಚಯವಾಗಿರಲಿಲ್ಲ. ಕೇರಳದ ಪಾಂಬಾರ್ ಎಂಬ ಹೊಳೆಯಲ್ಲಿ ದೊರೆತ ಚಿಕ್ಕ ಮೀನುಗಳನ್ನು ನೋಡಿ ವಿದ್ವಾಂಸರು ರೆಮಾದೇವಿ ಎಂಬ ಹೆಸರನ್ನಿಟ್ಟಿದ್ದರು. ಪಾಂಬಾರಿನ ನೀರು ಅಮರಾವತಿಯ ಮೂಲಕ ಕಾವೇರಿಗೇ ಸೇರುವುದು. ಕಾವೇರಿಯ ಆ ಮಹಾಮೀನೂ ಪಾಂಬಾರಿನ ಈ ಚಿಕ್ಕ ಮೀನೂ ಒಂದೇ ಜಾತಿಯೆಂದು ೨೦೧೮ರಲ್ಲಿ ಸ್ಥಾಪಿತವಾಯಿತು. ಅದೇ ವರುಷ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವು ತನ್ನ ಕೆಂಪು ಪಟ್ಟಿಯಲ್ಲಿ ಇದನ್ನು ಅತ್ಯಂತ ಅಪಾಯಕ್ಕೊಳಗಾದ ವರ್ಗಕ್ಕೆ ಸೇರಿಸಿತು. ಕಾಡಿನಲ್ಲಿಯೂ ಹೊಳೆಯಲ್ಲಿಯೂ ಇನ್ನೂ ಜೀವಿಸಿರುವ ಪ್ರಾಣಿಗಳಿಗೆ ಇದಕ್ಕಿಂತ ಕೆಟ್ಟ ವರ್ಗವಿಲ್ಲ. ಮಗುವಿಗೆ ಹೆಸರಿಟ್ಟ ದಿನವೇ ವೈದ್ಯನು ಬಂದು ರೋಗವು ವಿಷಮವೆಂದು ಹೇಳಿದ ಹಾಗಾಯಿತು.

೨. ಕ್ಷೀಣಿಸಿದ ಕಾರಣಗಳು

ಮೊದಲನೆಯ ಕಾರಣವು ಅಣೆಕಟ್ಟುಗಳು. ಶಿವನಸಮುದ್ರದಲ್ಲಿ ೧೯೦೨ರಲ್ಲಿ ವಿದ್ಯುತ್ತಿನ ಉತ್ಪತ್ತಿಯು ಮೊದಲಾಯಿತು. ಕೃಷ್ಣರಾಜಸಾಗರದ ಕೆಲಸವು ೧೯೧೧ರಲ್ಲಿ ಪ್ರಾರಂಭವಾಯಿತು. ಮೆಟ್ಟೂರಿನ ಅಣೆಯು ೧೯೩೪ರಲ್ಲಿ ಮುಗಿಯಿತು. ಇವುಗಳಿಂದ ಬೆಳಕೂ ಬೆಳೆಯೂ ದೊರೆತು ನಾಡಿಗೆ ಮಹದುಪಕಾರವಾಗಿದೆಯೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ತತ್ತಿಯಿಡಲು ಮೇಲಕ್ಕೆ ಹೋಗತಕ್ಕ ಮೀನಿಗೆ ಕಟ್ಟೆಯು ಮುಚ್ಚಿದ ಬಾಗಿಲಾಯಿತು. ಹೊಳೆಯು ತನ್ನ ಕಾಲಕ್ಕೆ ಏರಿ ತನ್ನ ಕಾಲಕ್ಕೆ ಇಳಿಯುವುದೂ ತಪ್ಪಿಹೋಯಿತು.

ಎರಡನೆಯದು ಕ್ರೂರವಾದ ಹಿಡಿತ. ಬಲೆಯಿಂದ ಹಿಡಿಯುವವನು ತನಗೆ ಬೇಕಾದಷ್ಟನ್ನು ಒಯ್ಯುವನು. ಸಿಡಿಮದ್ದನ್ನು ಎಸೆಯುವವನಾದರೋ ಆ ಮಡುವಿನಲ್ಲಿರುವ ತಾಯಿ ಮರಿಗಳೆಲ್ಲವನ್ನೂ ಒಂದೇ ಸಲ ಕೊಲ್ಲುವನು. ವಿಷವೂ ಹಾಗೆಯೇ. ದಕ್ಷಿಣ ಕನ್ನಡದ ಶಿಶಿಲದಲ್ಲಿ ದೇವಾಲಯದ ಮುಂದಣ ಹೊಳೆಯ ಮೀನುಗಳನ್ನು ದೇವರ ಮೀನುಗಳೆಂದು ಜನರು ಕಾಪಾಡಿಕೊಂಡು ಬಂದಿದ್ದರೂ, ೧೯೯೬ರಲ್ಲಿ ದುಷ್ಟರು ವಿಷ ಹಾಕಿದ್ದರಿಂದ ಸಾವಿರಾರು ಬಿಳಿಮೀನುಗಳು ಸತ್ತು ತೇಲಿದವು.

ಮೂರನೆಯದು ನೀರು ಕೆಡುವುದು ಮತ್ತು ಮರಳನ್ನು ತೆಗೆಯುವುದು. ಬೆಂಗಳೂರಿನ ಕೊಳೆನೀರು ವೃಷಭಾವತಿಯಿಂದ ಅರ್ಕಾವತಿಗೂ, ಅರ್ಕಾವತಿಯಿಂದ ಸಂಗಮದಲ್ಲಿ ಕಾವೇರಿಗೂ ಸೇರುವುದು. ಮರಳನ್ನೂ ಜಲ್ಲಿಯನ್ನೂ ತೆಗೆದ ಹೊಳೆಯಲ್ಲಿ ತತ್ತಿಗಳಿಗೆ ನೆಲೆಯಿರುವುದಿಲ್ಲ.

ನಾಲ್ಕನೆಯ ಕಾರಣವು ಕೇಳುವವರಿಗೆ ವಿಚಿತ್ರವಾಗಿ ತೋರೀತು; ಇದು ಉಪಕಾರದಿಂದಾದ ಅಪಕಾರ. ೧೯೭೦ರ ದಶಕದ ಆರಂಭದಲ್ಲಿ ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪೆನಿಯವರು ಬಿಳಿಮೀನಿನ ಮರಿಗಳನ್ನು ಬೆಳೆಸುವ ಕೇಂದ್ರವನ್ನು ಸ್ಥಾಪಿಸಿದರು. ಅಲ್ಲಿ ಬೆಳೆದ ನೀಲಿರೆಕ್ಕೆಯ ಮರಿಗಳನ್ನು ಮುಂದಣ ವರುಷಗಳಲ್ಲಿ ಅನೇಕ ನದಿಗಳಿಗೆ ಬಿಡಲಾಯಿತು. ಕಾವೇರಿಗೂ ಆ ಜಾತಿಯ ಮರಿಗಳು ಬಂದವು. ಬಿಳಿಮೀನುಗಳು ಕಡಿಮೆಯಾಗಿವೆ, ಬಿಳಿಮೀನಿನ ಮರಿಗಳನ್ನು ಬಿಟ್ಟರೆ ಹೆಚ್ಚಾಗುವುವು ಎಂಬುದು ಬಿಟ್ಟವರ ಸದುದ್ದೇಶ. ಆದರೆ ಆ ಮರಿಗಳು ಕಾವೇರಿಯ ಗೂನುಬೆನ್ನಿನ ಜಾತಿಯವಲ್ಲ. ಒಂದೇ ಮಡು, ಒಂದೇ ಆಹಾರ, ಒಂದೇ ತತ್ತಿಯ ತಾಣಗಳಿಗಾಗಿ ಹೊರಗಿನ ನೆಂಟನು ಮನೆಯವನೊಡನೆ ಸ್ಪರ್ಧಿಸತೊಡಗಿದನು. ಎರಡು ಜಾತಿಗಳೂ ಬೆರೆತು ಸಂಕರವಾಗುವ ಭಯವೂ ಇದೆ.

೩. ಲೆಕ್ಕವು ಮೋಸಹೋಗುವ ರೀತಿ

ಹೊಳೆಯ ಮೀನುಗಳನ್ನು ಮಂದೆಯ ಕುರಿಗಳಂತೆ ಎಣಿಸಲಾಗದು. ಆದಕಾರಣ ಇಷ್ಟು ಹೊತ್ತು ಗಾಳ ಹಾಕಿದರೆ ಎಷ್ಟು ಮೀನು ಸಿಕ್ಕಿತೆಂದು ಬರೆದಿಟ್ಟು, ವರುಷ ವರುಷಕ್ಕೂ ಹೋಲಿಸುವುದು ಒಂದು ಉಪಾಯ. ಕಾವೇರಿಯ ದಡದ ಗಾಲಿಬೋರೆ ಶಿಬಿರದಲ್ಲಿ ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಜೀವಂತವಾಗಿ ನೀರಿಗೆ ಬಿಡುವ ಪದ್ಧತಿಯಿತ್ತು. ೧೯೯೮ರಿಂದ ೨೦೧೨ರ ವರೆಗೆ ಅಲ್ಲಿ ೨೩,೬೨೦ ಗಂಟೆಗಳ ಗಾಳದಿಂದ ೬,೧೬೧ ಬಿಳಿಮೀನುಗಳು ಸಿಕ್ಕಿದುವು. ಭಾಗಿಸಿ ನೋಡಿರಿ, ಸರಾಸರಿ ೩ ಗಂಟೆ ೫೦ ನಿಮಿಷಕ್ಕೆ ಒಂದು ಮೀನಾಯಿತು. ಅವುಗಳ ತೂಕ ಒಂದು ಪೌಂಡಿನಿಂದ ೧೦೪ ಪೌಂಡಿನ ವರೆಗೆ.

ಈ ದಿನಚರಿಯನ್ನು ೨೦೧೫ರಲ್ಲಿ ಪರಿಶೋಧಿಸಿ ಪ್ರಕಟಿಸಿದಾಗ ಎರಡು ಸಂಗತಿಗಳು ಹೊರಬಿದ್ದವು. ಕಾಲ ಕಳೆದಂತೆ ಸಿಕ್ಕುವ ಮೀನುಗಳ ಸಂಖ್ಯೆಯು ಏರಿತ್ತು, ಸರಾಸರಿ ತೂಕವು ಇಳಿದಿತ್ತು. ಅಂದರೆ ಎಳೆಯ ಮೀನುಗಳು ಬೇಕಾದಷ್ಟು ಹುಟ್ಟುತ್ತಿದ್ದವು. ಇಷ್ಟನ್ನೇ ಓದಿದವನು ಬಿಳಿಮೀನು ಚೇತರಿಸಿಕೊಂಡಿತೆಂದು ಸಂತೋಷಪಡುವನು. ಆದರೆ ಜಾತಿಗಳನ್ನು ಬೇರ್ಪಡಿಸಿ ನೋಡಿದಾಗ, ಹೆಚ್ಚಿದ್ದು ಹೊರಗಿನಿಂದ ಬಂದ ನೀಲಿರೆಕ್ಕೆಯ ಮೀನು. ಗೂನುಬೆನ್ನಿನದು ವರುಷಗಳು ಕಳೆದಂತೆ ಅಪರೂಪವಾಗುತ್ತ ಬಂದಿತ್ತು. ಕೂಡಿದ ಮೊತ್ತವು ಸುಳ್ಳಾಗಿರಲಿಲ್ಲ. ಆದರೂ ಅದು ಸತ್ಯವನ್ನು ಮರೆಮಾಡಿತ್ತು. ತರಗತಿಯಲ್ಲಿ ಹಾಜರಿಯ ಸಂಖ್ಯೆ ತುಂಬಿದೆಯೆಂದು ಬರೆದು, ನಮ್ಮ ಮಕ್ಕಳು ಹೋಗಿ ಬೇರೆಯವರು ಕುಳಿತಿರುವುದನ್ನು ಗಮನಿಸದ ಉಪಾಧ್ಯಾಯಿನಿಗೆ ನಾವು ಏನೆನ್ನುವೆವು?

ನಮ್ಮ ಊರುಗಳಲ್ಲಿಯೂ ಇದಕ್ಕೆ ನಿದರ್ಶನವಿದೆ. ಮಳೆ ಬಂದು ಕೆರೆ ತುಂಬಿದ ವರುಷ ಕಾಟ್ಲ, ರೋಹು ಮೀನುಗಳು ಬೇಕಾದಷ್ಟು ದೊರೆಯುತ್ತವೆ. ಇವು ಉತ್ತರದ ಗಂಗೆ ಮೊದಲಾದ ನದಿಗಳ ಮೀನುಗಳು. ಮರಿಗಳನ್ನು ತಂದು ಬಿಟ್ಟದ್ದರಿಂದ ಇಲ್ಲಿರುವುವು. ಊಟಕ್ಕೆ ಅವು ಒಳ್ಳೆಯವೇ. ಆದರೆ ಕೆರೆ ತುಂಬ ಮೀನಿದೆಯೆಂದ ಮಾತ್ರಕ್ಕೆ ನಮ್ಮ ಹಳ್ಳಗಳ ಸ್ವಂತ ಮೀನುಗಳು ಸುಖವಾಗಿವೆಯೆಂದು ಸಿದ್ಧವಾಗುವುದಿಲ್ಲ.

ಹೀಗಿರುವಲ್ಲಿ ಒಂದು ಜಾತಿಯ ಚೇತರಿಕೆಯನ್ನು ಅಳೆಯಬೇಕಾದರೆ ಐದು ಪ್ರಶ್ನೆಗಳನ್ನು ಕೇಳತಕ್ಕದ್ದು. ಎಣಿಸಿದ ಮೀನು ಅದೇ ಜಾತಿಯದೋ? ಎಳೆಯವು, ನಡುಪ್ರಾಯದವು, ಮುದಿಯವು ಎಲ್ಲವೂ ಇವೆಯೋ? ಮರಿಗಳು ಹೊಳೆಯಲ್ಲಿಯೇ ಹುಟ್ಟಿದವೋ, ಮನುಷ್ಯರು ತಂದು ಬಿಟ್ಟವೋ? ಅದು ಎಷ್ಟು ಬೇರೆ ಬೇರೆ ಸ್ಥಳಗಳಲ್ಲಿ ಉಳಿದಿದೆ? ಅದನ್ನು ಕ್ಷೀಣಗೊಳಿಸಿದ ಕಾರಣಗಳು ನಿಂತಿವೆಯೋ?

೪. ಹೊರದೇಶಗಳ ಎರಡು ನಿದರ್ಶನಗಳು

ಇಂಗ್ಲೆಂಡಿನ ಥೇಮ್ಸ್ ನದಿಯಲ್ಲಿ ಸಾಲ್ಮನ್ ಮೀನು ೧೮೩೩ರ ಸುಮಾರಿಗೆ ಇಲ್ಲವಾಯಿತು. ಲಂಡನ್ ನಗರದ ಹೊಲಸಿನಿಂದ ೧೯೫೭ರಲ್ಲಿ ಆ ನದಿಯ ಕೆಳಭಾಗವು ಜೀವವಿಲ್ಲದ್ದೆಂದು ಹೇಳಲ್ಪಟ್ಟಿತು. ನೀರನ್ನು ಶುದ್ಧಮಾಡಿದ ಮೇಲೆ ೧೯೭೪ರಲ್ಲಿ ಒಂದು ಸಾಲ್ಮನ್ ಕಾಣಿಸಿಕೊಂಡಿತು. ೧೯೭೯ರಿಂದ ಮರಿಗಳನ್ನು ವರುಷ ವರುಷವೂ ಬಿಟ್ಟರು. ಆದರೆ ತರುವಾಯದ ವರುಷಗಳಲ್ಲಿ ಅಲ್ಲಿ ಸಿಕ್ಕಿದ ದೊಡ್ಡ ಸಾಲ್ಮನ್‌ಗಳ ವಂಶವನ್ನು ಪರೀಕ್ಷಿಸಿ ೨೦೧೧ರಲ್ಲಿ ಪ್ರಕಟಿಸಿದಾಗ, ಅವು ಬಿಟ್ಟ ಮರಿಗಳ ಸಂತತಿಯಲ್ಲವೆಂದೂ, ದಕ್ಷಿಣ ಇಂಗ್ಲೆಂಡಿನ ಬೇರೆ ಹೊಳೆಗಳಿಂದ ತಾವಾಗಿಯೇ ಬಂದವೆಂದೂ ಗೊತ್ತಾಯಿತು. ನೀರು ಶುದ್ಧವಾದದ್ದು ಫಲಿಸಿತು. ಮರಿಗಳನ್ನು ಬಿಟ್ಟದ್ದು ಅಷ್ಟಾಗಿ ಫಲಿಸಲಿಲ್ಲ.

ಎರಡನೆಯದು ಅಮೇರಿಕಾದ ಅರಿಜೋನ ಸಂಸ್ಥಾನದ ಅಪಾಚಿ ಟ್ರೌಟ್ ಎಂಬ ಮೀನು. ಗಾಳದ ವಿನೋದಕ್ಕಾಗಿ ಬೇರೆ ಟ್ರೌಟ್ ಜಾತಿಗಳನ್ನು ತಂದು ಬಿಟ್ಟದ್ದೇ ಅದರ ಕೇಡಿಗೆ ಮುಖ್ಯ ಕಾರಣವಾಗಿತ್ತು. ಅಲ್ಲಿಯ ಮೂಲನಿವಾಸಿಗಳಾದ ಅಪಾಚಿ ಜನರು ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿಯೇ ತಮ್ಮ ಮೇಲಣ ತೊರೆಗಳಲ್ಲಿ ಮೀನು ಹಿಡಿಯುವುದನ್ನು ನಿಲ್ಲಿಸಿ, ಉಳಿದವುಗಳನ್ನು ಕಾಪಾಡಿದರು. ತರುವಾಯ ಸರಕಾರದವರೂ ಜನರೂ ಕೂಡಿ ಹೊರಗಿನ ಜಾತಿಗಳನ್ನು ತೆಗೆದು, ಅವು ಮತ್ತೆ ಏರಿ ಬಾರದಂತೆ ಅಡ್ಡಕಟ್ಟೆಗಳನ್ನು ಕಟ್ಟಿ, ಶುದ್ಧವಂಶದ ಮೀನುಗಳನ್ನು ತೊರೆಯಿಂದ ತೊರೆಗೆ ಹಬ್ಬಿಸಿದರು. ಶುದ್ಧವಾದ ಬಳಗಗಳು ಮೂವತ್ತಾದ ಮೇಲೆ, ೨೦೨೪ರ ಸೆಪ್ಟೆಂಬರಿನಲ್ಲಿ ಆ ಮೀನನ್ನು ಅಪಾಯದ ಪಟ್ಟಿಯಿಂದ ತೆಗೆಯಲಾಯಿತು. ಈ ಕೆಲಸಕ್ಕೆ ಐವತ್ತು ವರುಷಗಳಿಗಿಂತಲೂ ಹೆಚ್ಚು ಕಾಲ ಹಿಡಿಯಿತು.

೫. ನಮ್ಮ ನಿರ್ಣಯ

ಈಗ ಐದು ಪ್ರಶ್ನೆಗಳನ್ನು ಕಾವೇರಿಯ ಮೀನಿಗೆ ಹಾಕಿ ನೋಡುವೆವು.

ಜಾತಿಯ ವಿಷಯದಲ್ಲಿ ಈಗ ಹೆಸರು ನಿಶ್ಚಯವಾಗಿರುವುದು ದೊಡ್ಡ ಲಾಭ. ಗುರುತು ಸಿಕ್ಕದ ರೋಗಿಗೆ ಔಷಧ ಕೊಡಲಾಗದು. ವಂಶದ ಪರೀಕ್ಷೆಯಿಂದ ಶುದ್ಧವಾದವುಗಳನ್ನು ಬೇರ್ಪಡಿಸುವುದೂ ಸಾಧ್ಯವಾಗಿದೆ.

ಸ್ಥಳಗಳ ವಿಷಯದಲ್ಲಿ ನಮ್ಮ ಬೆಟ್ಟದ ಶಾಸನವೇ ಪಾಠ ಹೇಳುವುದು. ಜಟಿಂಗ ರಾಮೇಶ್ವರದ ಬರಹವು ಬಹಳವಾಗಿ ಸವೆದಿದೆ. ಆದರೂ ಅದರಲ್ಲೇನಿತ್ತೆಂದು ವಿದ್ವಾಂಸರು ಹೇಳಬಲ್ಲರು, ಯಾಕಂದರೆ ಅದೇ ಲೇಖವು ಬ್ರಹ್ಮಗಿರಿಯಲ್ಲಿಯೂ ಸಿದ್ಧಾಪುರದಲ್ಲಿಯೂ ಇದೆ. ಒಂದೇ ಪ್ರತಿಯಿದ್ದು ಅದು ಸವೆದಿದ್ದರೆ ಮಾತೇ ಅಳಿದುಹೋಗುತ್ತಿತ್ತು. ಸವೆದ ಅಕ್ಷರಗಳ ಜಾಗದಲ್ಲಿ ಬೇರೊಂದು ಶಾಸನದ ವಾಕ್ಯಗಳನ್ನು ಕೊರೆದಿದ್ದರೆ ಬಂಡೆಯು ತುಂಬಿದಂತೆ ಕಾಣುತ್ತಿತ್ತು, ಶಾಸನವು ಮಾತ್ರ ಉಳಿಯುತ್ತಿರಲಿಲ್ಲ. ಗೂನುಬೆನ್ನಿನ ಮೀನಿನ ಒಂದು ಉಳಿದ ಪ್ರತಿಯು ತಮಿಳುನಾಡಿನ ಕಾಡುಗಳ ನಡುವೆ ಹರಿಯುವ ಮೋಯಾರ್ ನದಿಯಲ್ಲಿ ಕಂಡುಬಂದಿದೆ. ಇದು ಆಶೆಯ ಸಂಗತಿ. ಆದರೆ ಸ್ಥಳಗಳು ಕೆಲವೇ ಆದುದರಿಂದ ಒಂದು ಸಲದ ವಿಷ, ಒಂದು ಬರಗಾಲ, ಇಷ್ಟೇ ಸಾಕು ಅಲ್ಲಿಯದನ್ನು ಅಳಿಸುವುದಕ್ಕೆ.

ಕಾರಣಗಳ ವಿಷಯದಲ್ಲಿ ಉತ್ತರವು ಮಿಶ್ರವಾಗಿದೆ. ೧೯೮೭ರಲ್ಲಿ ಕಾವೇರಿ ಅಭಯಾರಣ್ಯವು ಏರ್ಪಟ್ಟು, ನದಿಯ ಒಂದು ದೀರ್ಘ ಭಾಗಕ್ಕೆ ಕಾಡಿನ ಆಶ್ರಯ ದೊರೆತಿದೆ. ಗಾಳದ ಶಿಬಿರಗಳು ನಡೆಯುತ್ತಿದ್ದ ಕಾಲದಲ್ಲಿ, ಹಿಂದೆ ಕಳ್ಳತನದಿಂದ ಮೀನು ಹಿಡಿಯುತ್ತಿದ್ದ ಕೆಲವರಿಗೂ ಕಾವಲಿನ ಕೆಲಸ ದೊರೆತು, ಅವರೇ ಮೀನಿನ ರಕ್ಷಕರಾದರು. ೨೦೧೨ರಲ್ಲಿ ಅಭಯಾರಣ್ಯದೊಳಗಣ ಗಾಳದ ಆಟವು ನಿಂತಿತು. ಪ್ರಾಣಿಯನ್ನು ವಿನೋದಕ್ಕಾಗಿ ಕೊಕ್ಕೆಗೆ ಸಿಕ್ಕಿಸುವುದು ಸರಿಯಲ್ಲವೆಂಬ ವಾದಕ್ಕೆ ಬೆಲೆಯುಂಟು. ಆದರೆ ಅದರೊಂದಿಗೆ ಹೊಳೆಯ ಕಾವಲೂ ದಿನಚರಿಯೂ ನಿಂತವೆಂಬುದನ್ನು ಮರೆಯಬಾರದು. ಅಣೆಗಳನ್ನು ತೆಗೆಯುವಂತಿಲ್ಲ. ಮೇಕೆದಾಟಿನಲ್ಲಿ ಇನ್ನೊಂದು ಅಣೆಯ ಪ್ರಸ್ತಾಪವೂ ಇದೆ. ಅದು ನಡೆದರೆ ಹರಿಯುವ ನೀರಿನ ಇನ್ನಷ್ಟು ಭಾಗವು ನಿಂತ ನೀರಾಗುವುದು.

ಅತಿ ಕಠಿನವಾದದ್ದು ನೀಲಿರೆಕ್ಕೆಯ ಮೀನಿನ ವಿಷಯ. ಅಪಾಯದ ಪಟ್ಟಿಯಲ್ಲಿದ್ದ ಆ ಜಾತಿಯು ಈಗ ಅದೇ ಕೆಂಪು ಪಟ್ಟಿಯಲ್ಲಿ ಹೆಚ್ಚಿನ ಭಯವಿಲ್ಲದ ವರ್ಗಕ್ಕೆ ಇಳಿದಿದೆ. ಅದರ ಸ್ವಂತ ನದಿಗಳಲ್ಲಿ ಅದು ಬಾಳುವುದು ಸಂತೋಷವೇ. ಆದರೆ ಕಾವೇರಿಯಂಥ ಮಹಾನದಿಯಿಂದ ಅದನ್ನು ಆಯ್ದು ತೆಗೆಯುವುದು ಅರಿಜೋನದ ಚಿಕ್ಕ ತೊರೆಗಳಲ್ಲಿ ತೆಗೆದಷ್ಟು ಸುಲಭವಲ್ಲ.

ಆದುದರಿಂದ ನಮ್ಮ ನಿರ್ಣಯವೇನೆಂದರೆ: ಗೂನುಬೆನ್ನಿನ ಬಿಳಿಮೀನು ಕಾವೇರಿಯಲ್ಲೆಲ್ಲ ಮೊದಲಿನಂತೆ ತುಂಬುವುದೆಂದು ಹೇಳುವುದಕ್ಕೆ ಆಧಾರವಿಲ್ಲ. ಆದರೆ ಉಳಿದಿರುವ ಬಳಗಗಳನ್ನು ಕಾದುಕೊಂಡರೆ, ಹೊರಗಿನ ಮರಿಗಳನ್ನು ಕಾವೇರಿಯ ನೀರಿಗೆ ಬಿಡುವುದನ್ನು ನಿಲ್ಲಿಸಿದರೆ, ತತ್ತಿಯ ಕಾಲದಲ್ಲಿ ಹೊಳೆಯು ಹರಿಯುವಂತೆ ನೋಡಿಕೊಂಡರೆ, ನದಿಯ ಜನರಿಗೆ ಕಾವಲಿನಿಂದ ಜೀವನ ದೊರೆತರೆ, ಶುದ್ಧವಂಶದ ತಾಯಿಮೀನುಗಳಿಂದ ಮರಿಗಳನ್ನು ಬೆಳೆಸಿ ಅವು ಇಲ್ಲದ ತೊರೆಗಳಿಗೆ ವಿಚಾರಪೂರ್ವಕವಾಗಿ ಬಿಟ್ಟರೆ, ಆ ಜಾತಿಯು ಅಳಿಯದೆ ಉಳಿದು ಕೆಲವು ಭಾಗಗಳಲ್ಲಿ ಹೆಚ್ಚುವ ಸಂಭವವುಂಟು. ಎಷ್ಟು ಲಕ್ಷ ಮರಿ ಬಿಟ್ಟೆವೆಂಬುದು ಅದರ ಅಳತೆಯಲ್ಲ. ಮಾನವನ ಸಹಾಯವಿಲ್ಲದೆ ಹೊಳೆಯಲ್ಲಿಯೇ ಹುಟ್ಟಿದ ಮರಿಯು ಬೆಳೆದು ತಾನೂ ತತ್ತಿಯಿಡುವುದೇ ಅದರ ಅಳತೆ. ನಿಧಾನವಾಗಿ ಪ್ರಾಯಕ್ಕೆ ಬರುವ ಮೀನಾದುದರಿಂದ ಎರಡು ಮೂರು ವರುಷಗಳ ವರದಿಯಿಂದ ತೀರ್ಪು ಹೇಳಲಾಗದು.

೬. ನಮ್ಮ ಕರ್ತವ್ಯ

ಚಳ್ಳಕೆರೆ, ಮೊಳಕಾಲ್ಮೂರು ತಾಲೂಕುಗಳು ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆಯ ಸೀಮೆಗಳಲ್ಲಿ ಸೇರಿದವು. ನಮ್ಮ ಚಿನ್ನಹಗರಿಯ ನೀರು ವೇದಾವತಿಗೂ, ಅಲ್ಲಿಂದ ತುಂಗಭದ್ರೆಗೂ, ಕಡೆಗೆ ಕೃಷ್ಣೆಗೂ ಸೇರುವುದು. ಕಾವೇರಿಗೆ ನಮ್ಮದೊಂದು ಹನಿಯೂ ಹೋಗುವುದಿಲ್ಲ. ಹಾಗಾದರೆ ಈ ಮೀನು ನಮಗೇಕೆಂದು ಯಾರಾದರೂ ಕೇಳಬಹುದು. ಶೃಂಗೇರಿಯಲ್ಲಿಯೂ ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯಲ್ಲಿಯೂ ಜನರು ಭಕ್ತಿಯಿಂದ ಕಾಪಾಡುವ ತುಂಗೆಯ ಮೀನುಗಳು ನಮ್ಮ ಹಗರಿ ಸೇರುವ ನೀರಿನವೇ. ಒಂದು ನದಿಯ ಪಾಠವು ಇನ್ನೊಂದಕ್ಕೂ ಸಲ್ಲುವುದು. ಯಾವ ನೀರಿನ ಮೀನು ಯಾವುದೆಂದು ಅರಿಯದೆ ಒಂದರದನ್ನು ಇನ್ನೊಂದಕ್ಕೆ ಬಿಡುವುದು ಪುಣ್ಯವಲ್ಲವೆಂಬಷ್ಟನ್ನಾದರೂ ನಮ್ಮ ವಿದ್ಯಾರ್ಥಿನಿಯರು ಮನೆಯವರಿಗೆ ತಿಳಿಸಬಲ್ಲರು. ಸಾಕಿದ ಮೀನನ್ನು ಹಳ್ಳಕ್ಕೆ ಬಿಡಬಾರದು. ಸಿಡಿಮದ್ದು, ವಿಷಗಳಿಂದ ಹಿಡಿದ ಮೀನನ್ನು ಕೊಳ್ಳಬಾರದು. ತಮ್ಮೂರ ಕೆರೆ ಹಳ್ಳಗಳ ಮೀನುಗಳಿಗೆ ಅಜ್ಜಿಯರೂ ಬೆಸ್ತರೂ ಹೇಳುವ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಹೆಸರು ಮರೆತ ಪ್ರಾಣಿಯು ಇಲ್ಲವಾದರೂ ಯಾರಿಗೂ ತಿಳಿಯದು.

ಜಲಪ್ರಳಯದ ಕಾಲದಲ್ಲಿ ನೋಹನು ಪ್ರತಿಯೊಂದು ಪ್ರಾಣಿಯನ್ನೂ ಅದರದರ ಜಾತಿಯಂತೆಯೇ ನಾವೆಗೆ ಸೇರಿಸಿಕೊಂಡನೆಂದು ನಾವು ಓದಿದ್ದೇವೆ. ಒಂದಕ್ಕೆ ಬದಲಾಗಿ ಇನ್ನೊಂದನ್ನು ಸೇರಿಸಿ ಲೆಕ್ಕ ತುಂಬಿಸಲಿಲ್ಲ. ಲೆಕ್ಕ ಒಪ್ಪಿಸಬೇಕಾದ ನಾವೂ ಹಾಗೆಯೇ ಜಾತಿ ಜಾತಿಯಾಗಿ ಎಣಿಸಲು ಕಲಿಯೋಣ.

ಅಭ್ಯಾಸದ ಪ್ರಶ್ನೆಗಳು

೧. ಗೂನುಬೆನ್ನಿನ ಮತ್ತು ನೀಲಿರೆಕ್ಕೆಯ ಬಿಳಿಮೀನುಗಳಿಗಿರುವ ಭೇದಗಳನ್ನೂ ಅವುಗಳ ನದಿಗಳನ್ನೂ ಬರೆಯಿರಿ.

೨. ಗಾಲಿಬೋರೆಯಲ್ಲಿ ಸಿಕ್ಕುವ ಮೀನುಗಳ ಸಂಖ್ಯೆ ಏರಿದರೂ ಅದು ಗೂನುಬೆನ್ನಿನ ಮೀನಿನ ಚೇತರಿಕೆಯಲ್ಲವೇಕೆ?

೩. ಥೇಮ್ಸ್ ಮತ್ತು ಅರಿಜೋನದ ನಿದರ್ಶನಗಳಿಂದ ಕಾವೇರಿಗೆ ಸಲ್ಲುವ ಒಂದೊಂದು ಬುದ್ಧಿಯನ್ನು ತಿಳಿಸಿರಿ.

೪. ಕರ್ಣಾಟಕದ ನಕ್ಷೆಯನ್ನು ಬರೆದು, ಚಿನ್ನಹಗರಿಯ ನೀರು ಕೃಷ್ಣೆಯನ್ನು ಸೇರುವ ದಾರಿಯನ್ನೂ, ಕಾವೇರಿಯನ್ನೂ ಎರಡು ಬೇರೆ ಬಣ್ಣಗಳಲ್ಲಿ ತೋರಿಸಿರಿ.

೫. ನಿಮ್ಮ ಊರಿನ ಕೆರೆ ಅಥವಾ ಹಳ್ಳದ ಮೀನುಗಳ ಹೆಸರುಗಳನ್ನು ಹಿರಿಯರಿಂದ ಕೇಳಿ, ಇಲ್ಲಿಯವೆಷ್ಟು, ಹೊರಗಿನಿಂದ ತಂದು ಬಿಟ್ಟವೆಷ್ಟು ಎಂದು ಪಟ್ಟಿಮಾಡಿರಿ.